ಪ್ಲಾಸ್ಟಿಕ್ ಬಂದೂಕು, ಎರಡು ಹಣತೆ: ಗುರಿ ಹೊಡೆಯುವ ಅಗ್ಗದ ವಿಡಿಯೊ ಗೇಮ್ ಸೆಟ್ ಬಗ್ಗೆ ಚರ್ಚೆ

ಮೊದಲ ಬರಹ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಗುರಿಯಿಟ್ಟು ಹೊಡೆಯುವ ಒಂದು ಸಾದಾ ವಿಡಿಯೊ ಗೇಮ್ ಮತ್ತು ಅದರ ಡಬ್ಬಿಯಲ್ಲೇ ಬರುವ ಬಂದೂಕಿನ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ವಿಷಯ ಸ್ವಲ್ಪ ಉದ್ದವಿದೆ, ಸಾವಕಾಶವಾಗಿ ಓದಬೇಕೆಂದು ವಿನಂತಿ.

ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗ ಈ ಸಲ ದೀಪಾವಳಿಗೆ ಊರಿಗೆ ಬಂದಾಗ, ತನ್ನ ಮಕ್ಕಳು ಆಡಿ ಬಿಟ್ಟ, ಟಿವಿಗೆ ಹಚ್ಚಿ ವಿಡಿಯೊ ಗೇಮ್ ಆಡುವ ನಿಂಟೆಂಡೊ ವೀ ಯಂತ್ರವನ್ನು ನಮ್ಮ ಮಕ್ಕಳಿಗೆಂದು ಕೊಟ್ಟು ಹೋದ. ಅದರ ಜೊತೆಗೆ ಬಂದೂಕಿನ ಆಕಾರದ ಒಂದು ಬಿಳಿ ಪ್ಲಾಸ್ಟಿಕ್ ಚೌಕಟ್ಟೂ ಒಂದು ಡಿಸ್ಕೂ ಇದ್ದವು. ಚೌಕಟ್ಟಿನ ಹೆಸರು ವೀ ಜ್ಯಾಪರ್, ಆಟದ ಹೆಸರು ಲಿಂಕ್ಸ್ ಕ್ರಾಸ್‌ಬೋ ಟ್ರೇನಿಂಗ್. ಇವೆರಡೂ 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಂದೇ ಡಬ್ಬಿಯಲ್ಲಿ ಸುಮಾರು 20 ಡಾಲರಿಗೆ ಮಾರಾಟಕ್ಕೆ ಬಂದಿದ್ದವು. ಆಗ ವೀಯ ಹೊಸ ಆಟವೊಂದಕ್ಕೇ ಸುಮಾರು 50 ಡಾಲರ್ ಕೊಡಬೇಕಾಗಿತ್ತು ಎಂಬುದನ್ನು ನೋಡಿದರೆ ಇದು ಅಗ್ಗದ ಸರಕೇ.

ಅಡಾಪ್ಟರಿನ ಮೇಲೆ 120 ವೋಲ್ಟ್ ಎಂದು ಬರೆದಿದ್ದರಿಂದ ನಮ್ಮ ಮನೆಯ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಲಿಲ್ಲ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ತಂದು ಅದರ ಮೂಲಕ ಚಾಲೂ ಮಾಡಿದೆ. ಯಂತ್ರವೇನೋ ಚಾಲೂ ಆಯಿತು, ಟಿವಿಯಲ್ಲಿ ಚಿತ್ರವೂ ಬಂತು. ಆದರೆ ಆಟವನ್ನು ಆರಿಸಿಕೊಳ್ಳಲು ಪರದೆಯ ಮೇಲೆ ಬರಬೇಕಾದ ಕೈಯ ಚಿಹ್ನೆ ಎಲ್ಲಿಯೂ ಕಾಣಲಿಲ್ಲ. ಕೈಯಲ್ಲಿ ಹಿಡಿದು ಆಡುವ ವೀಯ ರಿಮೋಟನ್ನು ಬಂದೂಕಿನೊಳಗಿಟ್ಟು ನೋಡಿದೆವು, ಹೊರಗೆ ತೆಗೆದು ನೋಡಿದೆವು, ಸೆಲ್ಲುಗಳನ್ನೂ ಬದಲಿಸಿದೆವು. ಟಿವಿಯ ಕೆಳಗೆ ಇಡಬೇಕಾದ ಸೆನ್ಸರ್ ಬಾರ್ ಎಂಬ ಸಣ್ಣ ಪಟ್ಟಿಯ ತಂತಿ ಸೂಟ್‌ಕೇಸಿನಲ್ಲಿ ಸಿಕ್ಕಿಕೊಂಡು ಬುಡದಲ್ಲೇ ಕಿತ್ತುಹೋಗಿದೆ. ಒಂದು ಅಂಗಡಿಯಲ್ಲಿ ವಿಚಾರಿಸಿದಾಗ, ಬಂದೂಕಿನ ಆಟ ಎಲ್‌ಇಡಿ ಟಿವಿಯಲ್ಲಿ ನಡೆಯುವುದೇ ಇಲ್ಲ, ಹಳೆಯ ಡಬ್ಬಾ ಟಿವಿ ಹುಡುಕಿಕೊಳ್ಳಿರಿ ಎಂದು ಹೇಳಿ ಕಳಿಸಿದರು.

ಆ ಮಾತು ನನಗೆ ಪೂರ್ತಿ ಸುಳ್ಳು ಅನ್ನಿಸಲಿಲ್ಲ, ಏಕೆಂದರೆ ನಾನು ಚಿಕ್ಕವನಿದ್ದಾಗ ಮನೆಯಲ್ಲಿದ್ದ ಟಿವಿ ಗೇಮಿನ ಬಾತುಕೋಳಿ ಹೊಡೆಯುವ ಆಟ ಹೊಸ ಟಿವಿಯಲ್ಲಿ ನಡೆಯುವುದಿಲ್ಲವೆಂದು ನಾನೂ ಕೇಳಿದ್ದೇನೆ. ನಿಜವಾಗಿಯೂ ಹಳೆಯ ಟಿವಿಯೇ ಬೇಕೇ? ಬೇಡವಾದರೆ ತಪ್ಪು ಎಲ್ಲಿದೆ? ಇನ್ನೊಂದು ಮಾತು, ಇಷ್ಟೆಲ್ಲ ಕಷ್ಟಪಟ್ಟು ನಡೆಸುವಷ್ಟು ಈ ಆಟದಲ್ಲಿ ಹುರುಳಿದೆಯೇ?

ಉತ್ತರ (ಗದಗ, ಟಿವಿ ದುರಸ್ತಿ ಕೆಲಸದವರು)

ಸರ್, ನಿಮಗೆ ಹೇಳಿದವರು ಎರಡು ಬೇರೆ ಬೇರೆ ಬಗೆಯ ಬಂದೂಕುಗಳನ್ನು ಒಂದೇ ಎಂದು ತಿಳಿದುಕೊಂಡಿದ್ದಾರೆ. ಮೊದಲು ನಿಮ್ಮ ಬಾಲ್ಯದ ಬಂದೂಕಿನ ವಿಚಾರವನ್ನು ಹೇಳುತ್ತೇನೆ, ಏಕೆಂದರೆ ಅಂಥವನ್ನು ನಾನು ಲೆಕ್ಕವಿಲ್ಲದಷ್ಟು ಬಿಚ್ಚಿ ಕೂಡಿಸಿದ್ದೇನೆ.

ಆ ಬಂದೂಕಿನೊಳಗೆ ಇರುವುದು ಇಷ್ಟೇ: ನಳಿಕೆಯ ತುದಿಯಲ್ಲಿ ಒಂದು ಸಣ್ಣ ಮಸೂರ, ಅದರ ಹಿಂದೆ ಬೆಳಕು ಬಿದ್ದರೆ ಸೂಚನೆ ಕೊಡುವ ಒಂದು ಪುಟ್ಟ ಸೆನ್ಸರ್, ಕುದುರೆಗೆ, ಅಂದರೆ ಬೆರಳಿನಿಂದ ಎಳೆಯುವ ಕೀಲಿಗೆ, ಒಂದು ಸ್ಪ್ರಿಂಗ್ ಮತ್ತು ಸ್ವಿಚ್. ಬಂದೂಕಿನಿಂದ ಟಿವಿಯ ಕಡೆಗೆ ಏನೂ ಹೋಗುವುದಿಲ್ಲ, ಟಿವಿಯ ಬೆಳಕೇ ಬಂದೂಕಿನೊಳಗೆ ಬರುತ್ತದೆ. ನೀವು ಕುದುರೆ ಎಳೆದ ಕೂಡಲೇ ಆಟವು ಇಡೀ ಪರದೆಯನ್ನು ಒಂದು ಕ್ಷಣ ಕಪ್ಪು ಮಾಡಿ, ಮರುಕ್ಷಣವೇ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕವನ್ನು ತೋರಿಸುತ್ತದೆ. ಕಪ್ಪು ಇದ್ದಾಗ ಬೆಳಕು ಕಾಣದೆ, ಬಿಳಿ ಬಂದಾಗ ಬೆಳಕು ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಎರಡು ಬಾತುಕೋಳಿಗಳಿದ್ದರೆ ಚೌಕಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತದೆ. ಆ ಕಪ್ಪು ಪರದೆ ಇರುವುದು ಬಲ್ಬಿನ ಕಡೆಗೆ ಗುರಿಯಿಟ್ಟು ಗೆಲ್ಲುವವರನ್ನು ತಡೆಯುವುದಕ್ಕೆ. 1972ರಲ್ಲಿ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಮೊಟ್ಟಮೊದಲ ಮನೆಬಳಕೆಯ ಯಂತ್ರಕ್ಕೂ ಒಂದು ಬಂದೂಕು ಸಿಗುತ್ತಿತ್ತು, ಅದನ್ನು ಉರಿಯುವ ಬಲ್ಬಿಗೆ ಹಿಡಿದರೂ ಗುರಿ ತಾಗಿದಂತೆಯೇ ಆಗುತ್ತಿತ್ತು. 1984ರಲ್ಲಿ ಜಪಾನಿನಲ್ಲಿ ಬಂದ ಡಕ್ ಹಂಟ್ ಎಂಬ ಆ ಬಾತುಕೋಳಿ ಆಟ ಈ ದೋಷವನ್ನು ಹೀಗೆ ಕಳೆದುಕೊಂಡಿತು. ನಮ್ಮ ಮನೆಗಳಲ್ಲಿ ಇದ್ದವು ಡಕ್ ಹಂಟ್ ನಡೆಯುತ್ತಿದ್ದ ನಿಂಟೆಂಡೊ ಯಂತ್ರದ ನಕಲುಗಳು.

ಈಗ ಟಿವಿಯ ಮಾತು. ಪಿಕ್ಚರ್ ಟ್ಯೂಬಿನ ಟಿವಿ ಸಿಗ್ನಲ್ ಬಂದ ಕ್ಷಣದಲ್ಲೇ ಪರದೆಯನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯುತ್ತದೆ, ಪಾಲ್ ಎಂಬ ನಮ್ಮ ಟಿವಿ ಸಿಗ್ನಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ. ಎಲ್‌ಇಡಿ ಟಿವಿ ಹಾಗಲ್ಲ: ಬಂದ ಚಿತ್ರವನ್ನು ಮೊದಲು ತನ್ನೊಳಗೆ ಕೂಡಿಟ್ಟುಕೊಂಡು, ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಆ ತಡ ನಮ್ಮ ಕಣ್ಣಿಗೆ ತಿಳಿಯದಿದ್ದರೂ ಬಂದೂಕಿಗೆ ಬಹಳವಾಗುತ್ತದೆ. ಅದು ಬಿಳಿಯ ಚೌಕವನ್ನು ಕಾಯುವ ಹೊತ್ತಿಗೆ ಚೌಕ ಇನ್ನೂ ಪರದೆಗೆ ಬಂದೇ ಇರುವುದಿಲ್ಲ. ಈಗಲೂ ಮಾರಾಟಕ್ಕಿರುವ ಆ ಬಗೆಯ ಅಗ್ಗದ ಸೆಟ್ಟುಗಳನ್ನು ಕೊಂಡು, ಹೊಸ ಟಿವಿಗೆ ಹಚ್ಚಿ, ಬಂದೂಕು ಕೆಟ್ಟಿದೆ ಎಂದು ನನ್ನ ಹತ್ತಿರ ತರುವವರು ಇದ್ದಾರೆ. ಹೋದ ವರ್ಷ ಒಬ್ಬ ಹುಡುಗ ತಂದೆಯ ಜೊತೆ ಬಂದು, "ಕಾಕಾ, ಎಷ್ಟ್ ಹೊಡದ್ರೂ ಬಾತುಕೋಳಿ ಬೀಳವಲ್ದ್ರೀ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅಂಗಡಿಯ ಮೂಲೆಯಲ್ಲಿದ್ದ ಹಳೆಯ 14 ಇಂಚಿನ ಟಿವಿಗೆ ಅದನ್ನೇ ಹಚ್ಚಿ ತೋರಿಸಿದೆ, ಮೂರನೆಯ ಗುಂಡಿಗೇ ಬಿತ್ತು. ಬಂದೂಕು ಕೆಟ್ಟಿರಲಿಲ್ಲ. ಮಾರುವಾಗ ಟಿವಿ ಯಾವುದೆಂದು ಒಂದು ಮಾತು ಕೇಳಿದ್ದರೆ ಆ ತಂದೆಯ ದುಡ್ಡು ಉಳಿಯುತ್ತಿತ್ತು, ಇದು ನನ್ನ ಮನಸ್ಸಿಗೆ ಇನ್ನೂ ಹತ್ತಿದೆ.

ನಿಮ್ಮ ವೀ ಈ ಜಾತಿಯದಲ್ಲ. ಅದಕ್ಕೆ ಯಾವ ಟಿವಿಯಾದರೂ ಆಗುತ್ತದೆ. ದೋಷವಿರುವುದು ಕಿತ್ತುಹೋದ ಆ ಪಟ್ಟಿಯಲ್ಲೇ.

ಉತ್ತರ (ಧಾರವಾಡ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು)

ಗದಗಿನ ಹಿರಿಯರು ಹೇಳಿದ್ದು ಅಕ್ಷರಶಃ ಸರಿಯಾಗಿದೆ. ಅವರು ಬಿಟ್ಟಲ್ಲಿಂದ ನಾನು ಮುಂದುವರಿಸುತ್ತೇನೆ.

ಸೆನ್ಸರ್ ಬಾರ್ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಆ ಪಟ್ಟಿ ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ, ಒಂದಕ್ಕೊಂದು ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ದೀಪಗಳ ಎರಡು ಗುಂಪುಗಳಿವೆ, ಅಷ್ಟೇ. ಅದರ ತಂತಿ ಯಂತ್ರದಿಂದ ವಿದ್ಯುತ್ತನ್ನು ತರುತ್ತದೆಯೇ ಹೊರತು ಯಾವ ಮಾಹಿತಿಯನ್ನೂ ಒಯ್ಯುವುದಿಲ್ಲ. ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ, ಅಲ್ಲಿನ ಕಪ್ಪು ಗಾಜಿನ ಹಿಂದೆ ಅವಕೆಂಪು ಬೆಳಕನ್ನು ಮಾತ್ರ ಕಾಣುವ ಒಂದು ಸಣ್ಣ ಕ್ಯಾಮೆರಾ ಇದೆ. ಎರಡು ಬಿಂದುಗಳು ತನ್ನ ನೋಟದಲ್ಲಿ ಎಲ್ಲಿ ಬಿದ್ದಿವೆ, ಅವುಗಳ ನಡುವಿನ ಅಂತರವೆಷ್ಟು, ಅವು ಎಷ್ಟು ಓರೆಯಾಗಿವೆ ಎಂಬುದನ್ನು ರಿಮೋಟ್ ಕಂಡು ಬ್ಲೂಟೂತ್ ಮೂಲಕ ಯಂತ್ರಕ್ಕೆ ತಿಳಿಸುತ್ತದೆ, ಯಂತ್ರ ಅದರಿಂದ ಗುರಿಯ ಜಾಗವನ್ನು ಲೆಕ್ಕಹಾಕುತ್ತದೆ.

ಆದ್ದರಿಂದ ಅವಕೆಂಪು ಬೆಳಕು ಚೆಲ್ಲುವ ಯಾವುದೇ ಎರಡು ಬಿಂದುಗಳು ನಿಮಗೆ ಸಾಕು. ಉರಿಯುವ ಜ್ವಾಲೆಯಿಂದ ಹೊರಡುವ ಶಕ್ತಿಯ ಬಹುಪಾಲು ಅವಕೆಂಪು ಬೆಳಕಿನ ರೂಪದಲ್ಲೇ ಇರುತ್ತದೆ. ದೀಪಾವಳಿಯ ಹಣತೆಗಳು ಮನೆಯಲ್ಲಿ ಉಳಿದಿರಬೇಕಲ್ಲವೇ? ಎರಡನ್ನು ಟಿವಿಯ ಮುಂದೆ ಒಂದು ಗೇಣಿನಷ್ಟು ಅಂತರದಲ್ಲಿ ಹಚ್ಚಿಟ್ಟು ನೋಡಿರಿ. ಪರದೆಗೂ ಬಟ್ಟೆಗೂ ತಾಗದಂತೆ ದೂರವಿಡಬೇಕು, ದೊಡ್ಡವರು ಪಕ್ಕದಲ್ಲೇ ಕೂತಿರಬೇಕು, ಪರೀಕ್ಷೆ ಮುಗಿದ ಮೇಲೆ ಆರಿಸಿಬಿಡಬೇಕು. ಇದು ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೆ ಮಾತ್ರ, ದಿನಾಲೂ ಆಡುವುದಕ್ಕಲ್ಲ.

ಇನ್ನೊಂದು ಸಂಗತಿ. ಈ ಬಂದೂಕಿನ ನಳಿಕೆಯ ಮೇಲಿಂದ ಕಣ್ಣಿಟ್ಟು ಗುರಿ ಹಿಡಿಯಲು ಹೋಗಬೇಡಿರಿ. ನಿಮ್ಮ ಟಿವಿ 32 ಇಂಚೋ 43 ಇಂಚೋ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಆ ಎರಡು ಬಿಂದುಗಳು ಮಾತ್ರ. ಅದಕ್ಕಾಗಿಯೇ ಪರದೆಯ ಮೇಲೆ ಒಂದು ಗುರಿಯ ಗುರುತು ಓಡಾಡುತ್ತಿರುತ್ತದೆ. ನೋಡಬೇಕಾದ್ದು ಆ ಗುರುತನ್ನು, ನಳಿಕೆಯನ್ನಲ್ಲ. ಹಳೆಯ ಬಾತುಕೋಳಿ ಆಟದಲ್ಲಿ ಗುರುತು ಇರಲಿಲ್ಲ, ಅಲ್ಲಿ ನಳಿಕೆ ತೋರಿದ ಕಡೆಗೇ ಗುರಿ.

ಉತ್ತರ (ಹಾವೇರಿ, ಇಬ್ಬರು ಮಕ್ಕಳ ತಾಯಿ)

ಯಂತ್ರದ ವಿಷಯದಲ್ಲಿ ನನಗೆ ಹೇಳಲು ಹೆಚ್ಚಿಲ್ಲ, ಆದರೆ ಒಂದು ಪ್ರಶ್ನೆಯನ್ನು ಮುಂದಿಡಬೇಕೆನಿಸಿತು. ಬಂದೂಕಿನ ಆಕಾರದ ವಸ್ತುವನ್ನು ಮಕ್ಕಳ ಕೈಗೆ ಕೊಡುವುದು ನನಗೆ ಮೊದಲಿನಿಂದಲೂ ಒಪ್ಪಿಗೆಯಿಲ್ಲದ ಕೆಲಸ. ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ನನ್ನ ಮಗ ಕೈ ಹಿಡಿದು ಎಳೆದಾಗ ಬೇಡವೆನ್ನಲಾಗದೆ ಹೂಂ ಅಂದಿದ್ದೇನೆ, ಏಕೆಂದರೆ ಅಲ್ಲಿ ಹಲಗೆಯೂ ಬಲೂನೂ ಎದುರಿಗಿರುತ್ತವೆ, ಅಂಗಡಿಯವರು ಪಕ್ಕದಲ್ಲೇ ನಿಂತಿರುತ್ತಾರೆ. ಮನೆಯೊಳಗೆ ಅದೇ ಬಂದೂಕು ತಂಗಿಯ ಕಡೆಗೆ ತಿರುಗುವುದಕ್ಕೆ ಎಷ್ಟು ಹೊತ್ತು ಬೇಕು? ಅಮೆರಿಕದಲ್ಲಿ 1980ರ ದಶಕದ ಕೊನೆಗೆ ಆಟಿಕೆಯ ಬಂದೂಕುಗಳು ನಿಜವಾದವುಗಳಂತೆ ಕಾಣಬಾರದೆಂದು ಕಾನೂನು ಬಂದಾಗ, ಬೂದು ಬಣ್ಣದ್ದಾಗಿದ್ದ ಆ ಹಳೆಯ ಟಿವಿ ಬಂದೂಕನ್ನು ಕಿತ್ತಳೆ ಬಣ್ಣಕ್ಕೆ ಬದಲಿಸಬೇಕಾಯಿತು. ಅಂದರೆ ಆತಂಕ ನನ್ನೊಬ್ಬಳದಲ್ಲ.

ಈ ಆಟದಲ್ಲಿ ಹೊಡೆಯುವುದು ಏನನ್ನು? ಮನುಷ್ಯರನ್ನೇ?

ಉತ್ತರ (ಧಾರವಾಡ, ಇಂಜಿನಿಯರಿಂಗ್ ವಿದ್ಯಾರ್ಥಿ)

ಅಕ್ಕಾವ್ರೆ, ನಾನು ಈ ಆಟವನ್ನು ಗೆಳೆಯನ ಮನೆಯಲ್ಲಿ ಪೂರ್ತಿ ಆಡಿದ್ದೇನೆ. ಹೊಡೆಯುವುದು ಹೆಚ್ಚಾಗಿ ದುಂಡನೆಯ ಗುರಿಹಲಗೆಗಳನ್ನು, ಗಡಿಗೆಗಳನ್ನು, ಬೆದರುಬೊಂಬೆಗಳನ್ನು; ಕೆಲವು ಹಂತಗಳಲ್ಲಿ ಅಸ್ಥಿಪಂಜರಗಳೂ ರಾಕ್ಷಸರಂಥ ಸವಾರರೂ ಬರುತ್ತಾರೆ. ಕೈಯಲ್ಲಿರುವುದು ಆಟದೊಳಗೆ ಬಂದೂಕಲ್ಲ, ಬಾಣ ಬಿಡುವ ಅಡ್ಡಬಿಲ್ಲು. ರಕ್ತ ಎಲ್ಲಿಯೂ ಇಲ್ಲ.

ಒಟ್ಟು 9 ಹಂತಗಳಿವೆ, ಒಂದೊಂದರಲ್ಲಿ ಮೂರು ಸುತ್ತು. ಮುಗಿಸುವುದಕ್ಕೇ ಆಡಿದರೆ ಒಂದು ಸಂಜೆಯಲ್ಲಿ ಮುಗಿದುಹೋಗುತ್ತದೆ. ಹಾಗೆಂದು ಬಡ ಆಟವೆಂದು ತಿಳಿಯಬಾರದು, ಅದರ ಜೀವ ಇರುವುದು ಅಂಕದ ಲೆಕ್ಕದಲ್ಲಿ. ಗುರಿಹಲಗೆಯ ನಡುಮಧ್ಯಕ್ಕೆ ತಾಗಿಸಿದರೆ ಅಂಚಿಗಿಂತ ಹೆಚ್ಚು ಅಂಕ. ತಪ್ಪದೆ ಒಂದರ ಮೇಲೊಂದು ಹೊಡೆಯುತ್ತ ಹೋದರೆ ಅಂಕಗಳು ಗುಣಿಸುತ್ತ ಏರುತ್ತವೆ. ಒಂದು ಬಾಣ ಗಾಳಿಗೆ ಹೋಯಿತೋ, ಕಟ್ಟಿಕೊಂಡ ಸರಪಳಿ ಕಡಿಯುತ್ತದೆ. ಹೀಗಾಗಿ ಕುದುರೆಯನ್ನು ಸುಮ್ಮನೆ ಒತ್ತಿ ಹಿಡಿಯುವವನಿಗಿಂತ, ಉಸಿರು ಬಿಗಿಹಿಡಿದು ಕಾದು ಹೊಡೆಯುವವನೇ ಗೆಲ್ಲುತ್ತಾನೆ. ಇದೇ ಕಾಲದಲ್ಲಿ ಬಂದ ಎಷ್ಟೋ ಅಗ್ಗದ ಗುರಿಯಾಟಗಳಲ್ಲಿ ಈ ವಿವೇಕ ಇರಲಿಲ್ಲ, ಸಿಕ್ಕದ್ದನ್ನು ಹೊಡೆದರೆ ಸಿಕ್ಕಷ್ಟು ಅಂಕ. ಅಂಥ ಡಿಸ್ಕುಗಳ ಜೊತೆಗೆ ಬಂದದ್ದು ಕೂಡ ಬರೀ ಪ್ಲಾಸ್ಟಿಕ್ ಚಿಪ್ಪು.

ಚಿಪ್ಪಿನ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಕಟುವಾಗಿದೆ. ಜ್ಯಾಪರಿನೊಳಗೆ ಯಾವ ಇಲೆಕ್ಟ್ರಾನಿಕ್ಸೂ ಇಲ್ಲ. ಮುಂದೆ ರಿಮೋಟ್ ಕೂರುತ್ತದೆ, ಹಿಂದಿನ ಹಿಡಿಕೆಯಲ್ಲಿ ನನ್‌ಚಕ್ ಎಂಬ ಇನ್ನೊಂದು ನಿಯಂತ್ರಕ. ಕುದುರೆ ಇರುವುದು ಮುಂದಿನ ಹಿಡಿಕೆಯಲ್ಲಿ. ಅದನ್ನು ಎಳೆದಾಗ ಒಂದು ಪ್ಲಾಸ್ಟಿಕ್ ತುಂಡು ಹೋಗಿ ರಿಮೋಟಿನ ಹೊಟ್ಟೆಯ ಮೇಲಿರುವ ಬಿ ಗುಂಡಿಯನ್ನು ಒತ್ತುತ್ತದೆ. ಬೆರಳು ನೇರವಾಗಿ ಒತ್ತಬಹುದಾದ ಗುಂಡಿಗೆ ನಡುವೆ ಒಂದು ದಲ್ಲಾಳಿ ಇದ್ದಂತೆ. ಬರಿಯ ರಿಮೋಟಾದರೆ ಮಣಿಕಟ್ಟು ಸ್ವಲ್ಪ ತಿರುಗಿದರೆ ಸಾಕು, ಚಿಪ್ಪಿನಲ್ಲಿಟ್ಟರೆ ಎರಡೂ ತೋಳು ಅಲುಗಬೇಕು. ಚಿಪ್ಪಿನಿಂದ ತೆಗೆದು ಆಡಿದಾಗ ನನ್ನ ಅಂಕ ಪ್ರತಿ ಸಲವೂ ಹೆಚ್ಚೇ ಬಂದಿದೆ. ಅಕ್ಕಾವ್ರ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ, ಬಂದೂಕಿನ ಆಕಾರ ಬೇಡವೆನಿಸಿದರೆ ಬಿಟ್ಟುಬಿಡಬಹುದು, ಆಟಕ್ಕೆ ಕುಂದಿಲ್ಲ.

ಮತ್ತೆ ಹುಬ್ಬಳ್ಳಿಯಿಂದ (ಮೊದಲು ಬರೆದವರು)

ಎಲ್ಲರಿಗೂ ಋಣಿಯಾಗಿದ್ದೇನೆ. ನಿನ್ನೆ ಸಂಜೆ ಪರೀಕ್ಷೆ ಮಾಡಿದೆವು, ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹಣತೆಯ ಮಾತು ಎತ್ತಿದಾಗ ನಮ್ಮ ಅವ್ವ ಮೊದಲು ಒಪ್ಪಲಿಲ್ಲ, "ದೀಪಾ ಹಚ್ಚೂದು ದೇವರಿಗೆ, ಆಟಕ್ಕಲ್ಲ" ಎಂದರು. ಏನು ಪರೀಕ್ಷಿಸುತ್ತಿದ್ದೇವೆ ಎಂದು ವಿವರಿಸಿದ ಮೇಲೆ ಅವರೇ ಎರಡು ಹಣತೆಗೆ ಎಣ್ಣೆ ಹಾಕಿ, ಬತ್ತಿ ಹೊಸೆದು, ಒಂದು ಹಿತ್ತಾಳೆಯ ತಟ್ಟೆಯಲ್ಲಿಟ್ಟು ತಂದರು. ಟಿವಿಯ ಕಟ್ಟೆಯ ಅಂಚಿನಲ್ಲಿ ಗೇಣು ಅಂತರಕ್ಕೆ ಇಟ್ಟೆವು. ರಿಮೋಟನ್ನು ಎತ್ತಿ ಹಿಡಿದ ಕೂಡಲೇ ಪರದೆಯ ನಡುವೆ ಆ ನೀಲಿ ಅಂಚಿನ ಕೈ ಮೂಡಿತು. ಮಕ್ಕಳು ಕೂಗಿಕೊಂಡರು. ನನಗೂ ಮೈ ಜುಮ್ಮೆಂದಿತು.

ಆದರೆ ಕೈ ಒಂದೆಡೆ ನಿಲ್ಲಲೊಲ್ಲದು, ನಡುನಡುವೆ ಹಾರಿ ಎಡಮೂಲೆಗೆ ಹೋಗುತ್ತಿತ್ತು. ಕಿಟಕಿಯ ಗಾಳಿಗೆ ಜ್ವಾಲೆ ಓಲಾಡುತ್ತಿತ್ತು, ಕಿಟಕಿ ಮುಚ್ಚಿದ ಮೇಲೆ ಅರ್ಧ ಸರಿಯಾಯಿತು. ಉಳಿದರ್ಧದ ಕಾರಣ ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ ನೋಡಿದರೆ, ಹಿತ್ತಾಳೆಯ ತಟ್ಟೆಯನ್ನು ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ಕನ್ನಡಿಯಂತೆ ಮಾಡಿದ್ದರು, ಅದರಲ್ಲಿ ದೀಪಗಳ ಪ್ರತಿಬಿಂಬ ಹೊಳೆಯುತ್ತಿತ್ತು, ರಿಮೋಟಿಗೆ ಎರಡರ ಬದಲು ನಾಲ್ಕು ದೀಪ ಕಂಡಿರಬೇಕು. ತಟ್ಟೆಯ ಬದಲು ಒಂದು ಕಟ್ಟಿಗೆಯ ಮಣೆಯ ಮೇಲಿಟ್ಟ ಮೇಲೆ ಗುರುತು ಸ್ಥಿರವಾಯಿತು.

ಚಿಪ್ಪಿನ ವಿಷಯದಲ್ಲಿ ಧಾರವಾಡದ ತಮ್ಮನ ಮಾತು ನನ್ನ ಮಟ್ಟಿಗೆ, ನನ್ನ ಮಗಳ ಮಟ್ಟಿಗೆ ನಿಜವೇ ಆಯಿತು, ಬರಿಯ ರಿಮೋಟಿನಲ್ಲೇ ನಮಗೆ ಹೆಚ್ಚು ಅಂಕ ಬಂತು. ಆದರೆ ನಮ್ಮ ಅಪ್ಪನ ವಿಷಯ ಬೇರೆ. ಅವರಿಗೆ 74 ವರ್ಷ, ಬಲಗೈ ಸಣ್ಣಗೆ ನಡುಗುತ್ತದೆ. ರಿಮೋಟ್ ಹಿಡಿದಾಗ ಆ ನಡುಕವೆಲ್ಲ ಪರದೆಯ ಮೇಲಿನ ಗುರುತಿಗೆ ಬಂದು, ಎರಡು ಸುತ್ತು ಆಡಿ ಸಪ್ಪಗೆ ಕೆಳಗಿಟ್ಟುಬಿಟ್ಟರು. ಆಮೇಲೆ ಮಗ ಚಿಪ್ಪಿನಲ್ಲಿ ರಿಮೋಟನ್ನು ಕೂರಿಸಿ ಅವರ ಕೈಗೆ ಕೊಟ್ಟ. ಅವರು ಕುರ್ಚಿಯ ತೋಳಿನ ಮೇಲೆ ಮೊಣಕೈ ಊರಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಕುಳಿತರು. ಗುರುತು ನಿಂತಿತು. ಗಡಿಗೆಗಳ ಸಾಲನ್ನು ಒಂದೂ ತಪ್ಪದೆ ಒಡೆದರು. ಆ ಪ್ಲಾಸ್ಟಿಕ್ ತುಂಡಿಗೆ ನಾನು ಕೊಡುವ ಬೆಲೆ ಆ ಕ್ಷಣಕ್ಕೆ ಬದಲಾಯಿತು.

ಹಾವೇರಿಯ ಅಕ್ಕಾವ್ರ ಆತಂಕವನ್ನು ನಾನು ಮನಸ್ಸಿಗೆ ತಂದುಕೊಂಡಿದ್ದೇನೆ. ಚಿಪ್ಪನ್ನು ಟಿವಿಯ ಎದುರು ಬಿಟ್ಟು ಬೇರೆಲ್ಲಿಯೂ ಹಿಡಿಯಬಾರದು, ಆಟ ಮುಗಿದ ಮೇಲೆ ಕಪಾಟಿಗೆ ಹೋಗಬೇಕು ಎಂದು ಮನೆಯಲ್ಲಿ ಗೊತ್ತುಮಾಡಿದ್ದೇವೆ. ಈ ಆಟವನ್ನು ನಾಲ್ವರವರೆಗೆ ಸರದಿಯಂತೆ ಆಡಬಹುದಾದ್ದರಿಂದ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿರುತ್ತದೆ, ಯಾರೊಬ್ಬರ ಸ್ವಂತದ್ದೂ ಆಗುವುದಿಲ್ಲ.

ಇನ್ನು ದಿನಾಲೂ ಹಣತೆ ಹಚ್ಚುವಂತಿಲ್ಲ. ಪಟ್ಟಿಯನ್ನು ದುರಸ್ತಿ ಮಾಡಬಹುದೇ?

ಉತ್ತರ (ಗದಗ, ಟಿವಿ ದುರಸ್ತಿ ಕೆಲಸದವರು)

ಧಾರಾಳವಾಗಿ ಮಾಡಬಹುದು. ಮೊದಲು ಮೊಬೈಲಿನ ಕ್ಯಾಮೆರಾದಲ್ಲಿ ನಿಮ್ಮ ಟಿವಿ ರಿಮೋಟಿನ ಮೂತಿ ನೋಡುತ್ತ ಗುಂಡಿ ಒತ್ತಿರಿ. ನೇರಳೆ ಬಣ್ಣದ ಬೆಳಕು ಕಂಡರೆ ಆ ಕ್ಯಾಮೆರಾ ಅವಕೆಂಪನ್ನು ಕಾಣುತ್ತದೆ ಎಂದು ಅರ್ಥ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿರಿ. ಪಟ್ಟಿಯ ತಂತಿಯನ್ನು ಬೆಸೆದ ಮೇಲೆ ದೀಪಗಳು ಹೊತ್ತಿವೆಯೇ ಎಂದು ಅದೇ ಕ್ಯಾಮೆರಾದಲ್ಲಿ ತಿಳಿದುಕೊಳ್ಳಬಹುದು.

ಬುಡದಲ್ಲೇ ಕಿತ್ತಿದ್ದರಿಂದ ಬೆಸೆಯಲು ಜಾಗ ಸಿಗದಿದ್ದರೆ ಹೊಸದನ್ನೇ ಮಾಡಿಕೊಡುತ್ತೇನೆ. ಟಿವಿ ರಿಮೋಟುಗಳಲ್ಲಿ ಬರುವಂಥ ಅವಕೆಂಪು ಎಲ್‌ಇಡಿಗಳನ್ನೇ ಮೂರು ಮೂರರಂತೆ ಎರಡು ತುದಿಗೆ ಹಾಕುವುದು. ಒಂದೊಂದಕ್ಕೆ ಸುಮಾರು 1.3 ವೋಲ್ಟ್ ಬೇಕು, ಮೂರನ್ನು ಸಾಲಾಗಿ ಜೋಡಿಸಿದರೆ 3.9 ಆಯಿತು. ಟಿವಿಯ ಯುಎಸ್‌ಬಿ ಕಿಂಡಿಯಿಂದ 5 ವೋಲ್ಟ್ ಸಿಗುತ್ತದೆ, ಉಳಿದ 1.1 ವೋಲ್ಟಿಗೆ, 20 ಮಿಲಿ ಆಂಪಿಯರ್ ಕರೆಂಟಿನ ಲೆಕ್ಕದಲ್ಲಿ, ಒಂದೊಂದು ಸಾಲಿಗೆ 56 ಓಮಿನ ಒಂದು ರೆಸಿಸ್ಟರ್ ಸಾಕು. ಒಂದು ಹಳೆಯ ವೈರಿಂಗ್ ಪಟ್ಟಿಯೊಳಗೆ ಕೂರಿಸಿಬಿಟ್ಟರೆ ಟಿವಿ ಚಾಲೂ ಆದಾಗ ಅದೂ ಹೊತ್ತುತ್ತದೆ, ಯಂತ್ರದ ತಂತಿಯ ಹಂಗೇ ಇರುವುದಿಲ್ಲ.

ನಿಮ್ಮ ತಂದೆಯವರ ವಿಷಯ ಓದಿ ಸಂತೋಷವಾಯಿತು. ನಮ್ಮೂರ ತೋಂಟದಾರ್ಯ ಮಠದ ಜಾತ್ರೆಯಲ್ಲಿ ಬಲೂನು ಹೊಡೆಯುವ ಬಂದೂಕು ಹಿಡಿದವರನ್ನು ನೋಡಿದ್ದೇನೆ: ಬಂದೂಕಿನ ಗುರಿ ಯಾವಾಗಲೂ ಒಂದು ಕಡೆಗೆ ಎಳೆಯುತ್ತಿರುತ್ತದೆ, ಬಲ್ಲವರು ಮೊದಲ ಎರಡು ಗುಂಡುಗಳನ್ನು ಅದು ಎಷ್ಟು ಎಳೆಯುತ್ತದೆಂದು ತಿಳಿಯುವುದಕ್ಕೇ ಕಳೆದು, ಮೂರನೆಯದನ್ನು ಅಷ್ಟೇ ಆಚೆ ಹಿಡಿದು ಹೊಡೆಯುತ್ತಾರೆ. ನಿಮ್ಮ ಪರದೆಯ ಗುರುತೂ ನಳಿಕೆಯಿಂದ ಸ್ವಲ್ಪ ಆಚೀಚೆ ಇರುತ್ತದೆಯಲ್ಲ, ಅಪ್ಪಾವ್ರಿಗೆ ಅದು ಬೇಗ ಕೈಗೆ ಹತ್ತುತ್ತದೆ.

ಉತ್ತರ (ಧಾರವಾಡ, ಭೌತಶಾಸ್ತ್ರ ಕಲಿಸುವವರು)

ಒಂದು ಸಣ್ಣ ಸೇರ್ಪಡೆ. ವೀಯ ಸೆಟ್ಟಿಂಗಿನಲ್ಲಿ ಪಟ್ಟಿ ಟಿವಿಯ ಮೇಲಿದೆಯೋ ಕೆಳಗಿದೆಯೋ ಎಂದು ತಿಳಿಸುವ ಜಾಗವಿದೆ, ಅದನ್ನು ತಪ್ಪದೆ ಸರಿಪಡಿಸಿರಿ. ಇಲ್ಲದಿದ್ದರೆ ಗುರುತು ಬೇಕಾದ್ದಕ್ಕಿಂತ ಮೇಲೋ ಕೆಳಗೋ ಬರುತ್ತದೆ, ತೋಳು ಬೇಗ ನೋಯುತ್ತದೆ. ಅಲ್ಲಿಯೇ 1ರಿಂದ 5ರವರೆಗೆ ಸೂಕ್ಷ್ಮತೆಯ ಮಟ್ಟಗಳಿವೆ. ದೂರ ಕೂತು ಆಡುವುದಾದರೆ ಏರಿಸಿರಿ. ಕಿಟಕಿಯ ಬಿಸಿಲೋ ಹೊಳೆಯುವ ಪಾತ್ರೆಯೋ ತೊಂದರೆ ಕೊಟ್ಟರೆ ಇಳಿಸಿರಿ. ಪಟ್ಟಿಯಿಂದ 5 ಮೀಟರಿಗಿಂತ ಆಚೆ ಹೋಗಬೇಡಿರಿ.

ಉತ್ತರ (ಹಾವೇರಿ)

ಕಪಾಟಿನ ನಿಯಮ ನನಗೆ ಹಿಡಿಸಿತು. ನನ್ನ ಮಾವನವರಿಗೂ ಕೈ ನಡುಗುವ ತೊಂದರೆಯಿದೆ, ಅವರು ಇಡೀ ಮಧ್ಯಾಹ್ನ ಸುಮ್ಮನೆ ಕೂತಿರುತ್ತಾರೆ. ಇಂಥ ಸೆಟ್ ಕೊಳ್ಳುವುದಾದರೆ ಯಂತ್ರದ ಹೆಸರು, ಬಂದೂಕಿನ ಬಗೆ, ನಮ್ಮ ಟಿವಿ, ಅಡಾಪ್ಟರಿನ ವೋಲ್ಟೇಜ್ ಇವನ್ನೆಲ್ಲ ನೋಡಿಕೊಳ್ಳಬೇಕೆಂದು ತಿಳಿಯಿತು. ಬೇರೆ ಏನಾದರೂ ಇದೆಯೇ?

ಉತ್ತರ (ಧಾರವಾಡ, ವಿದ್ಯಾರ್ಥಿ)

ಇದೆ ಅಕ್ಕಾವ್ರೆ. ಡಿಸ್ಕ್ ಮತ್ತು ಯಂತ್ರ ಎರಡೂ ಒಂದೇ ಪ್ರದೇಶದವಾಗಿರಬೇಕು. ಅಮೆರಿಕದ ಡಿಸ್ಕನ್ನು ಯುರೋಪಿನ ವೀ ಯಂತ್ರ ಓದುವುದಿಲ್ಲ, ಯುರೋಪಿನದನ್ನು ಅಮೆರಿಕದ್ದು ಓದುವುದಿಲ್ಲ. ಹಳೆಯ ಸಾಮಾನು ಕೊಳ್ಳುವಾಗ ಡಿಸ್ಕನ್ನು ಅದೇ ಯಂತ್ರದಲ್ಲಿ ಹಾಕಿಸಿ, ಆಟ ತೆರೆಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಕೊಡಿರಿ. ನಿಮ್ಮ ಮಾವನವರಿಗೆ ಚಿಪ್ಪು ಇರಲಿ, ಆ ವಿಷಯದಲ್ಲಿ ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಹುಬ್ಬಳ್ಳಿಯಿಂದ

ಭಾನುವಾರ ಬೆಳಗಿನ ಬಸ್ಸಿಗೆ ಪಟ್ಟಿಯನ್ನು ತೆಗೆದುಕೊಂಡು ಗದಗಿಗೆ ಬರುತ್ತೇನೆ. ಅಪ್ಪನೂ ಬರುತ್ತೇನೆಂದಿದ್ದಾರೆ, ಆ 14 ಇಂಚಿನ ಟಿವಿಯಲ್ಲಿ ಬಾತುಕೋಳಿ ಹೊಡೆಯುವುದನ್ನೂ ಒಮ್ಮೆ ನೋಡಬೇಕಂತೆ.